ಕಿವಿಯಿಂದ ಕಲಿತ ರಷ್ಯನ್

೧೯೮೮ರ ನವೆಂಬರಿನಲ್ಲಿ ನಾನು ಓದು ನಿಲ್ಲಿಸಿದೆ. ಒಂಬತ್ತನೇ ಕ್ಲಾಸು, ಅರ್ಧ ವರ್ಷದ ಪರೀಕ್ಷೆ ಮುಗಿದ ವಾರ. ಯಾರೂ ಬಿಡಿಸಲಿಲ್ಲ. ಮನೆಯಲ್ಲಿ ಊಟಕ್ಕೆ ತೊಂದರೆ ಇರಲಿಲ್ಲ, ಅಪ್ಪ ಬಿಡಬೇಡವೆಂದೇ ಹೇಳಿದರು. ದಾವಣಗೆರೆಯಲ್ಲಿ ನಮ್ಮ ಮನೆಯ ಹಿಂದಿನ ರಸ್ತೆಯಲ್ಲೇ ಒಂದು ಲಾರಿ ಗ್ಯಾರೇಜು ಇತ್ತು. ಪುಸ್ತಕದ ಚೀಲವನ್ನು ಅಲ್ಲಿಯ ಟೈರುಗಳ ಮೇಲೆ ಇಟ್ಟು ಕೆಲಸಕ್ಕೆ ನಿಂತುಬಿಟ್ಟೆ. ಕೈಗೆ ಕೆಲಸ ಬಂದರೆ ಸಾಕು, ಕಾಗದ ಯಾಕೆ ಎನ್ನುವುದು ಆಗಿನ ನನ್ನ ವಾದ. ಆಮೇಲೆ ಲಾರಿ, ಮ್ಯಾಕ್ಸಿಕ್ಯಾಬ್, ಕಾಲೇಜಿನ ಬಸ್ಸು ಎಲ್ಲ ಓಡಿಸಿದೆ. ಒಂದು ದಿನವೂ ಕೂತು ತಿಂದವನಲ್ಲ, ಯಾರ ಮುಂದೆಯೂ ತಲೆ ತಗ್ಗಿಸಿ ನಿಂತವನಲ್ಲ. ಈ ಮಾತನ್ನು ಇಲ್ಲಿ ಬರೆಯುವಾಗಲೂ ಸ್ವಲ್ಪ ಜಂಬ ಬರುತ್ತದೆ. ಆ ಜಂಬದಿಂದಲೇ ಒಬ್ಬ ಹಿರಿಯರಿಗೆ ಸಾಯುವ ಮೊದಲು ತಮ್ಮನ ಜೊತೆ ಮಾತು ಕೂಡುವ ಅವಕಾಶವನ್ನು ನಾನು ಕೆಡಿಸಿದೆ. ಅದನ್ನು ಬರೆಯಲು ಕೂತಿದ್ದೇನೆ.

ಅಮೆರಿಕಕ್ಕೆ ನಾನು ಬಂದದ್ದು ಓದಿನಿಂದಲ್ಲ, ಹೆಂಡತಿಯ ಅಣ್ಣನಿಂದ. ಅವರು ಆಬರ್ನ್ ಹಿಲ್ಸ್‌ನಲ್ಲಿ ಕಾರಿನ ಇಂಜಿನಿಯರು, ಮನೆ ನಾರ್ತ್‌ವಿಲ್‌ನಲ್ಲಿ. ತಂಗಿಗೆಂದು ಅವರು ಹಾಕಿದ ಗ್ರೀನ್ ಕಾರ್ಡಿನ ಅರ್ಜಿ ಹನ್ನೆರಡು ವರ್ಷ ಎಲ್ಲೋ ಮಲಗಿದ್ದು ಎದ್ದಾಗ ನನಗೆ ಮೂವತ್ತೆಂಟು. ಮೊದಲ ಎರಡು ವರ್ಷ ಅವರ ಮನೆಯ ಹತ್ತಿರವೇ ಇದ್ದು ಬಿಡಿಭಾಗಗಳ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿದೆ. ಅವರು ನನ್ನನ್ನು ಯಾವತ್ತೂ ಹಗುರವಾಗಿ ಕಂಡವರಲ್ಲ. ಆದರೆ ಪ್ರತಿ ಶನಿವಾರ ಅವರ ಮನೆಗೆ ಬರುವವರೆಲ್ಲ ಯಾವ ಕಾಲೇಜು, ಯಾವ ಬ್ಯಾಚು ಎಂದು ಮಾತು ಶುರು ಮಾಡುವವರು. ನಾನು ಚಟ್ನಿ ಬಡಿಸುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ. ಹೆಂಡತಿಗೆ ಶಿಕಾಗೋ ಕಡೆ ಒಂದು ಇಂಡಿಯನ್ ಗ್ರೋಸರಿಯಲ್ಲಿ ಕೆಲಸ ಸಿಕ್ಕಿದಾಗ ಅವಳಿಗಿಂತ ಮುಂಚೆ ನಾನೇ ಗಂಟು ಕಟ್ಟಿದೆ.

ಶಿಕಾಗೋದ ಉತ್ತರಕ್ಕಿರುವ ಊರುಗಳಲ್ಲಿ ರಷ್ಯನ್ ಮಾತಾಡುವವರು ಬಹಳ. ಅವರ ವಯಸ್ಸಾದವರಿಗೆಂದು ಹಗಲು ಕೇಂದ್ರಗಳಿವೆ. ಬೆಳಿಗ್ಗೆ ಮನೆಮನೆಯಿಂದ ಹಿರಿಯರನ್ನು ವ್ಯಾನಿನಲ್ಲಿ ಕರೆತರುವುದು, ತಿಂಡಿ, ಬಿ.ಪಿ. ನೋಡುವುದು, ಡಾಮಿನೊ ಆಟ, ಬೀಟ್‌ರೂಟ್ ಸಾರಿನ ಊಟ, ಮೂರು ಗಂಟೆಗೆ ವಾಪಸು ಬಿಡುವುದು. ಅಂಥದ್ದೊಂದರಲ್ಲಿ ನಾನು ವ್ಯಾನು ಓಡಿಸುತ್ತೇನೆ. ಸೇರಿದ ದಿನ ನನಗೆ ರಷ್ಯನ್ನಿನ ಒಂದು ಶಬ್ದವೂ ಬರುತ್ತಿರಲಿಲ್ಲ. ಇವರೆಲ್ಲ ರಷ್ಯಾದವರು ಎಂದುಕೊಂಡಿದ್ದೆ. ಕೇಳಿ ನೋಡಿದರೆ ನನ್ನ ವ್ಯಾನಿನ ಹನ್ನೊಂದು ಜನರಲ್ಲಿ ರಷ್ಯಾದಿಂದ ಬಂದವರು ಇಬ್ಬರೇ. ಒಬ್ಬರು ಒಡೆಸ್ಸಾ, ಒಬ್ಬರು ಬಾಕು, ಗಂಡ ಹೆಂಡತಿ ಮಿನ್ಸ್ಕಿನವರು, ತಾಷ್ಕೆಂಟಿನ ಒಬ್ಬ ದರ್ಜಿ ಅಜ್ಜಿ. ಮನೆಯೊಳಗೆ ಇವರ ಅಪ್ಪ ಅಮ್ಮ ಆಡುತ್ತಿದ್ದದ್ದು ಯಿಡ್ಡಿಷ್, ಉಜ್ಬೆಕ್, ಅರ್ಮೇನಿಯನ್, ಹೀಗೆ ಏನೇನೋ. ಆದರೆ ಒಬ್ಬರಿಗೊಬ್ಬರು ಎದುರಾದರೆ ರಷ್ಯನ್. ನಮ್ಮ ಗ್ಯಾರೇಜಿನಲ್ಲಿ ಉರ್ದುವಿನವನು, ಲಂಬಾಣಿಯವನು, ತೆಲುಗಿನವನು ಮೂವರೂ ಸೇರಿ ಒಂದು ಆಕ್ಸಲ್ ಎತ್ತುವಾಗ ಕನ್ನಡದಲ್ಲಿ ಬೈದಾಡುತ್ತಿದ್ದರು, ಹಾಗೆ.

ನನ್ನ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದವರು ಖಾರ್ಕಿವ್ ಊರಿನವರು. ಉಕ್ರೇನ್ ದೇಶ, ಆದರೆ ಅವರ ತಾಯಿಯ ಮಾತೇ ರಷ್ಯನ್. ಅಲ್ಲಿ ಮೂವತ್ತೊಂದು ವರ್ಷ ಟ್ರಾಲಿಬಸ್ ಓಡಿಸಿದವರು. ಹೆಂಡತಿ ಇಲ್ಲಿಗೆ ಬಂದ ಮೇಲೆ ತೀರಿಕೊಂಡಿದ್ದರು, ಮಕ್ಕಳಿಲ್ಲ. ಡ್ರೈವರಾದವನು ಹಿಂದಿನ ಸೀಟಿನಲ್ಲಿ ಕೂರಬಾರದು ಎನ್ನುವುದು ಅವರ ಕಾನೂನು. ನನಗೆ ರಷ್ಯನ್ ಕಲಿಸಿದವರು ಅವರೇ, ಬೈಗುಳದ ಮೂಲಕ. ಕೆಂಪು ದೀಪ, ಎಡಕ್ಕೆ, ನಿಧಾನ, ಕತ್ತೆ: ನನ್ನ ಮೊದಲ ನಾಲ್ಕು ಶಬ್ದಗಳು ಇವು. ಅವರ ರಷ್ಯನ್ ನನ್ನ ತಲೆಯಲ್ಲಿ ನಮ್ಮೂರ ಕನ್ನಡವಾಗಿಯೇ ಉಳಿದಿದೆ. ಇಲ್ಲಿ ಹಾಗೆಯೇ ಬರೆಯುತ್ತೇನೆ.

"ನೀನು ಬ್ರೇಕ್ ಒತ್ತಲ್ಲ ಕಣೋ, ಒದೀತೀಯಾ. ಹಿಂದೆ ಕೂತಿರೋದು ಮುದುಕ್ರು, ಆಲೂಗಡ್ಡೆ ಚೀಲ ಅಲ್ಲ" ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು.

ಅವರು ನನ್ನನ್ನು ನೀನು ಎನ್ನುತ್ತಿದ್ದರು, ನಾನು ಅವರನ್ನು ನೀವು ಎನ್ನುತ್ತಿದ್ದೆ. ರಷ್ಯನ್ನಿನಲ್ಲಿ ಎರಡೂ ಬೇರೆ ಬೇರೆ ಇವೆ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ. ಅದರಲ್ಲಿ ನನಗೆ ಯಾವಾಗಲೂ ಚಪ್ಪಲಿ ಹಾಕಿಕೊಂಡು ದೇವರ ಮನೆಗೆ ಹೋದ ಹಾಗೆ ಆಗುತ್ತದೆ. ಅವರಲ್ಲಿ ಹಿರಿಯರನ್ನು ಬರೀ ಹೆಸರು ಹಿಡಿದು ಕರೆಯುವುದಿಲ್ಲ, ಹೆಸರಿನ ಜೊತೆ ತಂದೆಯ ಹೆಸರನ್ನೂ ಸೇರಿಸುತ್ತಾರೆ. ಒಂದು ದಿನ ನನ್ನ ಅಪ್ಪನ ಹೆಸರು ಕೇಳಿದರು. ಹೇಳಿದೆ. ಅದಕ್ಕೆ ತಮ್ಮ ಭಾಷೆಯ ಬಾಲ ಅಂಟಿಸಿ, ನನ್ನ ಹೆಸರಿನ ಹಿಂದೆ ಇಟ್ಟು, ಇಡೀ ವ್ಯಾನಿಗೆ ಕೇಳುವಂತೆ ಕರೆದರು. ಹಿಂದಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಈ ದೇಶದ ಎಷ್ಟೋ ಫಾರಂಗಳಲ್ಲಿ ಅಪ್ಪನ ಹೆಸರು ಬರೆದಿದ್ದೇನೆ. ಒಬ್ಬರ ಬಾಯಲ್ಲಿ ಅದನ್ನು ಕೇಳಿದ್ದು ಅದೇ ಮೊದಲು.

ಎರಡು ಮೂರು ವರ್ಷದಲ್ಲಿ ನನ್ನ ರಷ್ಯನ್ ಓಡತೊಡಗಿತು. ಅವರ ಎರಡು, ಮೂರು, ನಾಲ್ಕು ಎನ್ನುವ ಅಂಕಿಗಳು ನಮ್ಮ ಮಂತ್ರದ ದ್ವಿ, ತ್ರಿ, ಚತುರ್‌ಗಳ ಹಾಗೆಯೇ ಕೇಳುತ್ತಿದ್ದವು. ಬೆಂಕಿಗೆ ಅವರದು ಅಗ್ನಿಯ ಅಣ್ಣತಮ್ಮನಂಥ ಶಬ್ದ. ಬಾಗಿಲಿಗೆ ದ್ವಾರದ ಹತ್ತಿರದ್ದು. ಹಿಂದಿನಿಂದ ತಾಷ್ಕೆಂಟಿನ ಅಜ್ಜಿ ಬಜಾರ್, ದೋಸ್ತ್, ಪ್ಯಾಜ್‌ ಅಂಥ ತಮ್ಮ ಶಬ್ದಗಳನ್ನು ಎಸೆಯುತ್ತಿದ್ದರು. ಅವು ನನಗೆ ಗ್ಯಾರೇಜಿನ ಉರ್ದುವಿನಿಂದಲೇ ಗೊತ್ತಿದ್ದವು. ಖಾರ್ಕಿವ್‌ನ ಹಿರಿಯರು ಒಂದೊಂದು ಶಬ್ದ ಸಿಕ್ಕಾಗಲೂ ಡ್ಯಾಶ್‌ಬೋರ್ಡ್ ಬಡಿಯುತ್ತಿದ್ದರು. ನಾವು ನೆಂಟರು ಎಂದು ಇಬ್ಬರೂ ತೀರ್ಮಾನ ಮಾಡಿದೆವು. ನಾರ್ತ್‌ವಿಲ್‌ಗೆ ಹೋದಾಗ ಭಾವನ, ಅಂದರೆ ಹೆಂಡತಿಯ ಅಣ್ಣನ, ಮುಂದೆ ಇದನ್ನು ಹೇಳಿದೆ. ಅವರು ಬಲ್ಲವರು. ಅವು ಸಂಸ್ಕೃತಕ್ಕೆ ನೆಂಟಸ್ತಿಕೆ, ಕನ್ನಡಕ್ಕಲ್ಲ, ಕನ್ನಡದ ಮನೆತನವೇ ಬೇರೆ, ನಾವು ಆ ಶಬ್ದಗಳನ್ನು ಸಂಸ್ಕೃತದಿಂದ ತಂದುಕೊಂಡವರು ಎಂದು ನಿಧಾನವಾಗಿ ಬಿಡಿಸಿ ಹೇಳಿದರು. ನನಗೆ ಮದುವೆ ಮನೆಯಲ್ಲಿ ಊಟದ ಎಲೆಯ ಮುಂದಿನಿಂದ ಎಬ್ಬಿಸಿದ ಹಾಗಾಯಿತು. ಖಾರ್ಕಿವ್‌ನವರಿಗೆ ಬಂದು ಹೇಳಿದೆ. ಅವರು ಸ್ವಲ್ಪ ಯೋಚಿಸಿ, ಪಕ್ಕದ ಮನೆಯವರಾದರೂ ಆಗಿರೋಣ ಎಂದರು.

ಆ ದಿನವೇ ಭಾವನ ಮನೆಯಲ್ಲಿ ಇನ್ನೊಂದು ನಡೆಯಿತು. ಊಟಕ್ಕೆ ಬಂದಿದ್ದ ಬೆಂಗಳೂರಿನ ಹುಡುಗನೊಬ್ಬ, ಹೊಸದಾಗಿ ಕೆಲಸಕ್ಕೆ ಸೇರಿದ ಇಂಜಿನಿಯರು, ನನ್ನ ರಷ್ಯನ್ ಕೇಳಿ ಬೆರಗಾದ.

"ಅಂಕಲ್, ಸೂಪರ್. ಓದೋಕೂ ಬರತ್ತಾ ನಿಮ್ಗೆ?"

"ನಮ್ಮ ಭಾವನೋರು ಡಬಲ್ ಗ್ರ್ಯಾಜುಯೇಟ್ ಇದ್ದಂಗೆ" ಎಂದರು ಹೆಂಡತಿಯ ಅಣ್ಣ, "ಕಾಲೇಜ್ ಗೇಟ್ ಮಾತ್ರ ನೋಡಿಲ್ಲ."

ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ. ಆದರೂ ನನ್ನ ಕಿವಿ ಬಿಸಿಯಾಯಿತು. "ಓದ್ತೀನಿ" ಎಂದೆ. "ಪೇಪರ್ರೇ ಓದ್ತೀನಿ."

ಒಂದು ಅಕ್ಷರವೂ ಬರುತ್ತಿರಲಿಲ್ಲ. ಎಲ್ಲವನ್ನೂ ಕಿವಿಯಿಂದ ಕಲಿತವನು ನಾನು. ಅವರ ಲಿಪಿ ನನಗೆ ಮುರಿದ ಬೇಲಿಯ ಹಾಗೆ ಕಾಣುತ್ತಿತ್ತು. ಆದರೆ ಹೇಳಿದ ಮೇಲೆ ಹೇಳಿದ್ದೇ. ಸೋಮವಾರ ವ್ಯಾನಿನಲ್ಲೂ ಅದೇ ಜಂಬ ಹೊಡೆದೆ. ಖಾರ್ಕಿವ್‌ನವರಿಗೆ ಎಷ್ಟು ಸಂತೋಷವಾಯಿತೆಂದರೆ, ಪ್ರತಿ ಮಂಗಳವಾರ ರಷ್ಯನ್ ಅಂಗಡಿಯಲ್ಲಿ ಪುಕ್ಕಟೆ ಸಿಗುವ ವಾರಪತ್ರಿಕೆಯನ್ನು ತಾವು ಓದಿ ಮುಗಿಸಿ ನನಗೆ ಕೊಡತೊಡಗಿದರು. ನಾನು ಅದನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಹೋಗುತ್ತಿದ್ದೆ. ಹೆಂಡತಿ ಅದನ್ನು ಈರುಳ್ಳಿ ಬುಟ್ಟಿಗೆ ಹಾಸುತ್ತಿದ್ದಳು. ಮರುದಿನ ಅವರು ಓದಿದೆಯಾ ಎಂದು ಕೇಳಿದರೆ, ಹಿಂದಿನ ಸೀಟಿನವರು ಆಗಲೇ ಜಗಳವಾಡಿ ಮುಗಿಸಿದ್ದ ಸುದ್ದಿಯನ್ನೇ ತಿರುಗಿಸಿ ಹೇಳುತ್ತಿದ್ದೆ. ಏಳು ವರ್ಷ ಹೀಗೆ ನಡೆಯಿತು. ಒಬ್ಬರಿಗೂ ಅನುಮಾನ ಬರಲಿಲ್ಲ.

ಖಾರ್ಕಿವ್‌ನವರಿಗೆ ಒಬ್ಬ ತಮ್ಮ ಇದ್ದ. ನಾಲ್ಕು ವರ್ಷ ಚಿಕ್ಕವನು. ಡೆಟ್ರಾಯಿಟ್ ಪಕ್ಕದ ಓಕ್ ಪಾರ್ಕಿನಲ್ಲಿ, ನನ್ನ ಭಾವನ ಮನೆಯಿಂದ ಇಪ್ಪತ್ತೈದು ಮೈಲಿ. ಇಬ್ಬರಿಗೂ ಐದು ಗಂಟೆ ಕಾರು ಓಡಿಸುವ ವಯಸ್ಸಲ್ಲ. ಹಾಗಾಗಿ ನಾನು ನಾರ್ತ್‌ವಿಲ್‌ಗೆ ಹೋಗುವಾಗೆಲ್ಲ ಅಣ್ಣನ ಕಡೆಯಿಂದ ಒಂದು ಚೀಲ: ಉಪ್ಪಿನಲ್ಲಿ ಹಾಕಿದ ಅಣಬೆಯ ಜಾಡಿ, ಕಪ್ಪು ಬ್ರೆಡ್ಡು, ಮೇಲೆ ಮಡಿಸಿದ ಒಂದು ಚೀಟಿ. ತಿರುಗಿ ಬರುವಾಗ ತಮ್ಮನ ಕಡೆಯಿಂದ ಖಾಲಿ ಜಾಡಿ, ಒಂದು ಚೀಟಿ. ಚೀಟಿಯಲ್ಲಿ ಏನಿರುತ್ತಿತ್ತೋ, ಓದುವಾಗ ಅಣ್ಣ ಗೊಣಗಿ ಗೊಣಗಿ ನಗುತ್ತಿದ್ದರು. ವರ್ಷಕ್ಕೆ ಐದಾರು ಸಲ ನಾನು ಅವರ ಅಂಚೆಯವನಾಗಿದ್ದೆ.

ರಷ್ಯಾ ಉಕ್ರೇನಿನ ಮೇಲೆ ಯುದ್ಧ ಶುರು ಮಾಡಿದಾಗ ಇದು ನಿಂತಿತು. ಖಾರ್ಕಿವ್ ಮೇಲೆ ಬಾಂಬು ಬಿದ್ದ ವಾರ ವ್ಯಾನಿನಲ್ಲಿ ಇಬ್ಬರು ಜಾಗ ಬದಲಿಸಿ ಕೂತರು. ಹಿರಿಯರು ಟ್ರಾಲಿಬಸ್ ಓಡಿಸಿದ ಬೀದಿಯ ಚಿತ್ರ ಫೋನಿನಲ್ಲಿ ಬಂತು. ಕಟ್ಟಡಗಳಿಗೆ ಮುಂಭಾಗವೇ ಇರಲಿಲ್ಲ. ತಮ್ಮ ಬಹಳ ವರ್ಷ ಮಾಸ್ಕೋದಲ್ಲಿ ಇದ್ದು ಬಂದವನು, ಅಲ್ಲಿಯ ಟಿ.ವಿ. ನೋಡುವವನು. ಫೋನಿನಲ್ಲಿ ಅಣ್ಣನಿಗೆ, ಅದನ್ನು ನಿಮ್ಮವರೇ ಒಡೆದುಕೊಂಡಿರಬೇಕು ಎಂದನಂತೆ. ಅಣ್ಣ ಫೋನು ಇಟ್ಟರು. ಆಮೇಲೆ ಇಬ್ಬರೂ ಎತ್ತಲಿಲ್ಲ.

ಆಗಿನಿಂದ ಅವರು ಕೇಂದ್ರದಲ್ಲಿ ಉಕ್ರೇನಿಯನ್ ಮಾತಾಡಲು ಶುರು ಮಾಡಿದರು. ಎಂಬತ್ತು ವರ್ಷ ರಷ್ಯನ್ ಆಡಿದ ಬಾಯಿ. ತಡವರಿಸುತ್ತಿತ್ತು, ಊಟ ಬಡಿಸುವ ಹೆಂಗಸಿನ ಹತ್ತಿರ ಚಮಚ ಕೇಳಲು ಶಬ್ದ ಹುಡುಕುತ್ತಿದ್ದರು. ನನ್ನ ಪಕ್ಕದಲ್ಲಿ ಕೂತಾಗ ಮಾತ್ರ ರಷ್ಯನ್. ನನಗೆ ಬರುವುದು ಅದೊಂದೇ ಆದ್ದರಿಂದ ಎಂದುಕೊಂಡೆ. ಕೇಳಿಯೂ ಬಿಟ್ಟೆ. ಅವರು ಕಿಟಕಿಯ ಕಡೆ ನೋಡುತ್ತಾ ಹೇಳಿದರು: "ನಿನ್ನ ಬಾಯಲ್ಲಿ ಇರೋ ರಷ್ಯನ್ ಯಾರಿಗೂ ಏನೂ ಮಾಡಿಲ್ಲ. ಅದರ ಜೊತೆ ಮಾತಾಡ್ಬಹುದು."

ಎರಡು ವರ್ಷ ಕಳೆಯಿತು. ಅವರ ಧ್ವನಿ ಒರಟಾಗತೊಡಗಿತ್ತು, ಕೊನೆಗೆ ಗಂಟಲಿನ ಕ್ಯಾನ್ಸರ್ ಎಂದರು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಮಾತು ಪೂರ್ತಿ ಹೋಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಡಿಸೆಂಬರಿನಲ್ಲಿ ಆಪರೇಷನ್ನಿಗೆ ಹೋಗುವ ಹಿಂದಿನ ದಿನ ಮನೆಗೆ ಬಿಡುವಾಗ ವ್ಯಾನಿನಲ್ಲಿ ನಾವಿಬ್ಬರೇ. ಅವರ ತೊಡೆಯ ಮೇಲೆ ಫೋನು ಇತ್ತು, ಪರದೆ ಮೇಲಕ್ಕೆ ಮಾಡಿ.

"ನಾಳೆಯಿಂದ ನನ್ನ ಬಾಯಿ ಬಂದ್. ಏನಾದ್ರೂ ಕೇಳೋದಿದ್ರೆ ಇವತ್ತೇ ಕೇಳಿಬಿಡು."

"ತಮ್ಮನಿಗೆ ಒಂದು ಫೋನ್ ಮಾಡಿ. ಧ್ವನಿ ಇರುವಾಗಲೇ."

"ಚಿಕ್ಕವನು ಅವನು. ತಪ್ಪು ಮಾತು ಆಡಿದ್ದೂ ಅವನೇ. ಅವನು ಮಾಡ್ಲಿ."

"ಅವರಿಗೆ ಆಪರೇಷನ್ ವಿಷಯ ಗೊತ್ತಿಲ್ಲವಲ್ಲ."

"ಗೊತ್ತಿಲ್ದೇ ಇದ್ರೂ ಮಾಡ್ಬಹುದು" ಎಂದು ಫೋನಿನ ಪರದೆಯನ್ನು ಕೆಳಕ್ಕೆ ತಿರುಗಿಸಿದರು. ಅವರ ಧ್ವನಿಯಲ್ಲಿ ನಾನು ಕೇಳಿದ ಕೊನೆಯ ಮಾತು ಅದು.

ಆಪರೇಷನ್ ಆದ ಮೇಲೆ ಅವರನ್ನು ಒಂದು ಆರೈಕೆ ಕೇಂದ್ರದಲ್ಲಿ ಇಟ್ಟರು. ಕುತ್ತಿಗೆಯಲ್ಲಿ ತೂತು, ಮೂಗಿನಲ್ಲಿ ಕೊಳವೆ. ಮಂಚದ ಮೇಲೆ ಒಂದು ದೊಡ್ಡ ನೋಟ್‌ಪ್ಯಾಡು, ಪೆನ್ನು. ಮೊದಲ ದಿನ ಹೋದಾಗ ಅವರು ನನ್ನನ್ನು ಕಂಡು ಮುಖವರಳಿಸಿ ಬರೆದು ತೋರಿಸಿದರು. ರಷ್ಯನ್ನರ ಕೈಬರಹ ಮಳೆಯಲ್ಲಿ ತೊಯ್ದ ನೂಲಿನ ಉಂಡೆ ಬಿಚ್ಚಿದ ಹಾಗಿರುತ್ತದೆ, ಒಂದೇ ಅಲೆ. ನಾನು ಅದರ ಮೇಲೆ ಕಣ್ಣಾಡಿಸಿ, ತಲೆ ಆಡಿಸಿ, "ಹೌದು ಹೌದು, ಎಲ್ಲ ಸರಿ ಹೋಗತ್ತೆ" ಎಂದೆ. ಅದೇ ಹೊತ್ತಿಗೆ ಅವರಿಗೆ ನಿಜ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಅವರ ಕಣ್ಣಲ್ಲಿ ಎಷ್ಟು ನಂಬಿಕೆ ಇತ್ತೆಂದರೆ, ಈ ಇಡೀ ಆರೈಕೆ ಕೇಂದ್ರದಲ್ಲಿ ತಮ್ಮ ಬರಹ ಓದಬಲ್ಲ ಒಬ್ಬನಾದರೂ ಬಂದ ಎನ್ನುವ ಹಾಗೆ. ನನ್ನಿಂದ ಆಗಲಿಲ್ಲ.

ಸಂಕ್ರಾಂತಿಯ ವಾರ ಮತ್ತೆ ಹೋದೆ. ಭಾವನ ಮನೆಯಲ್ಲಿ ಶನಿವಾರ ಎಳ್ಳು ಬೀರುವುದಿದೆ, ಮಿಷಿಗನ್‌ಗೆ ಹೋಗುತ್ತೇನೆ ಎಂದು ಮಾತಿಗೆ ಹೇಳಿದೆ. ಅವರು ಥಟ್ಟನೆ ಪ್ಯಾಡು ಎಳೆದುಕೊಂಡು ಐದಾರು ಸಾಲು ಬರೆದರು. ಹಾಳೆ ಹರಿದು ನನ್ನ ಕೈಗಿಟ್ಟರು. ಆಮೇಲೆ ತುಟಿಯ ಮೇಲೆ ಬೆರಳಿಟ್ಟು, ಸುಮ್ಮನೆ ಎನ್ನುವಂತೆ, ನನ್ನ ಮುಖವನ್ನೇ ನೋಡಿದರು. ನಾನು ಹಾಳೆಯನ್ನು ಓದಿದವನ ಹಾಗೆ ನೋಡಿ, ನಾಲ್ಕಾಗಿ ಮಡಿಸಿ, ಎದೆಯ ಜೇಬಿಗೆ ಇಟ್ಟು "ಖಂಡಿತ" ಎಂದೆ. ಅವರು ನನ್ನ ಮಣಿಕಟ್ಟು ಹಿಡಿದು ಅದುಮಿದರು.

ತಮ್ಮನಿಗೆ ಚೀಟಿ ಎಂದು ನಾನು ತಿಳಿದೆ. ಬೇರೆ ಏನು ತಿಳಿಯಲಿ? ಎಷ್ಟು ವರ್ಷ ಮಿಷಿಗನ್ ಎಂದ ಕೂಡಲೇ ಚೀಟಿ ಕೊಟ್ಟವರು ಅವರು, ಒಯ್ದವನು ನಾನು. ಬೆರಳು ಇಟ್ಟದ್ದು ಹಗಲು ಕೇಂದ್ರದವರಿಗೆ ಗೊತ್ತಾಗಬಾರದು ಎಂಬುದಕ್ಕೆ ಎಂದುಕೊಂಡೆ. ಹಗಲು ಕೇಂದ್ರದ ನರ್ಸಿಗೆ ರಷ್ಯನ್ ಬರುತ್ತದೆ, ತೋರಿಸಬಹುದಿತ್ತು. ಗುಟ್ಟು, ತೋರಿಸಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಅದು ನೆಪ. ತೋರಿಸಿದರೆ ಏಳು ವರ್ಷದ ಸುಳ್ಳು ಬಯಲಾಗುತ್ತಿತ್ತು, ಅಷ್ಟೆ. ಮನೆಯಲ್ಲಿ ಹಾಳೆಯನ್ನು ಅಡುಗೆ ಕಟ್ಟೆಯ ಮೇಲೆ ಹರಡಿ ಫೋನಿನ ಕ್ಯಾಮರಾ ಹಿಡಿದು ನೋಡಿದೆ; ಅಚ್ಚಿನ ಅಕ್ಷರವಾದರೆ ಅದು ಅನುವಾದ ಮಾಡುತ್ತದೆ. ಈ ಕೈಬರಹಕ್ಕೆ ಅದೂ ತಡವರಿಸಿತು. ಹಿಮ, ಅಣ್ಣತಮ್ಮ, ಮೀನು, ಬೇಡ, ಬರಲಿ ಎಂದು ಐದು ಶಬ್ದ ತೋರಿಸಿತು. ನನಗೆ ಬೇಕಾದ್ದು ಎರಡು ಸಿಕ್ಕಿತಲ್ಲ: ಅಣ್ಣತಮ್ಮ, ಬರಲಿ. ಬೇಡ ಎನ್ನುವುದನ್ನು ಮೀನಿನ ಜೊತೆ ಸೇರಿಸಿ ಬಿಟ್ಟುಬಿಟ್ಟೆ.

ಶನಿವಾರ ಎಳ್ಳುಬೆಲ್ಲ ತಿಂದು, ಹೆಂಡತಿಯನ್ನು ನಾರ್ತ್‌ವಿಲ್‌ನಲ್ಲೇ ಬಿಟ್ಟು, ಓಕ್ ಪಾರ್ಕಿಗೆ ಹೋದೆ. ತಮ್ಮ ಬಾಗಿಲು ತೆರೆದ. ಅದೇ ಹಣೆ, ಅದೇ ದಪ್ಪ ಹುಬ್ಬು. ನನ್ನ ಕೈ ನೋಡಿ, ಜಾಡಿ ಇಲ್ಲವಾ ಎಂದ. ಇಲ್ಲ, ಚೀಟಿ ಇದೆ ಎಂದೆ. ಅಣ್ಣನಿಗೆ ಆಪರೇಷನ್ ಆಯಿತು, ಮಾತು ಹೋಗಿದೆ ಎಂದೂ ನಾನೇ ಹೇಳಿದೆ. ಅವನು ಗೋಡೆ ಹಿಡಿದುಕೊಂಡ. ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಬಿಚ್ಚಿದ. ನಿಂತುಕೊಂಡೇ ಓದಿದ. ಇನ್ನೊಂದು ಸಲ ಓದಿದ. ಕನ್ನಡಕ ತೆಗೆದ.

"ಇದರಲ್ಲಿ ಏನಿದೆ ಅಂತ ನಿಂಗೆ ಗೊತ್ತಾ?"

"ಗೊತ್ತು" ಎಂದೆ. ಅಲ್ಲೂ ಹಾಗೆಯೇ ಎಂದೆ.

"ಗೊತ್ತಿದ್ದೂ ತಂದ್ಯಾ?"

ನಾನು ತಲೆಯಾಡಿಸಿದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿ, ಶಾಲೆಯಲ್ಲಿ ಮೇಷ್ಟ್ರು ಓದಿಸುವಂತೆ, ಗಟ್ಟಿಯಾಗಿ ಓದಿದ. ಹಾಳೆಯಲ್ಲಿ ಇದ್ದದ್ದು ಇಷ್ಟು: "ಮಿಷಿಗನ್‌ನಲ್ಲಿ ನನ್ನ ತಮ್ಮ ಕಂಡರೆ ಏನೂ ಹೇಳಬೇಡ. ನಾನು ಚೆನ್ನಾಗಿದ್ದೇನೆ ಎನ್ನು. ಹಿಮ ಬಹಳ, ಅದಕ್ಕೆ ಹೊರಗೆ ಬರುವುದಿಲ್ಲ ಎನ್ನು. ನಾನು ಮೀನಿನ ಹಾಗೆ ಬಾಯಿ ಬಿಡುವುದನ್ನು ಅವನು ನೋಡುವುದು ಬೇಡ. ಕನಿಕರದಿಂದ ಅವನು ಬರುವುದು ಬೇಡ. ತಪ್ಪು ತನ್ನದೆಂದು ಗೊತ್ತಾದ ದಿನ ಬರಲಿ, ಅಲ್ಲಿಯವರೆಗೆ ಕಾಯುತ್ತೇನೆ."

ಬಾಗಿಲು ತೆರೆದೇ ಇತ್ತು, ಚಳಿ ಒಳಗೆ ನುಗ್ಗುತ್ತಿತ್ತು. ನನಗೆ ಓದಲು ಬರುವುದಿಲ್ಲ ಎಂದು ಆಗ ಹೇಳಿದೆ. ಬಾಯಿಂದ ಅದು ಹೊರಗೆ ಬಂದದ್ದು ಕನ್ನಡದಲ್ಲಿ. ಆಮೇಲೆ ರಷ್ಯನ್ನಿನಲ್ಲಿ ಹೇಳಿದೆ. ಅವನಿಗೆ ನನ್ನ ಓದಿನ ಗೊಡವೆ ಇರಲಿಲ್ಲ. ಅಣ್ಣ ಊಟ ಮಾಡುತ್ತಾನಾ ಎಂದು ಕೇಳಿದ. ಕೊಳವೆಯಲ್ಲಿ ಹಾಕುತ್ತಾರೆ ಎಂದೆ. ಹೊರಡಿ, ನನ್ನ ಕಾರಿನಲ್ಲೇ ಕರೆದುಕೊಂಡು ಹೋಗುತ್ತೇನೆ ಎಂದೆ.

"ಬೇಡ ಅಂತ ಬರೆದಿದಾನಲ್ಲ. ಬೇಡ ಅಂದೋನ ಮುಂದೆ ಹೋಗಿ ನಿಲ್ಲೋಕೆ ನಂಗೂ ಆಗಲ್ಲ" ಎಂದು ಹಾಳೆಯನ್ನು ನನ್ನ ಕೈಗೇ ತಿರುಗಿಸಿ ಕೊಟ್ಟ.

ಹೆಂಡತಿಯನ್ನು ಕರೆದುಕೊಂಡು ಶಿಕಾಗೋಗೆ ಹಿಂದೆ ಬರುವಾಗ ಮಿಷಿಗನ್ ಸರೋವರದ ದಂಡೆಯ ಉದ್ದಕ್ಕೂ ಹಿಮ ಸುರಿಯುತ್ತಿತ್ತು. ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ನನ್ನ ಕಡೆ ತಿರುಗಿ ಕೂತಳು.

"ಅಲ್ರೀ, ಏಳು ವರ್ಷ ಓದ್ತೀನಿ ಅಂತ ಸುಳ್ಳು ಹೇಳಿದೋರು, ಅಣ್ಣ ಕರೀತಾ ಇದಾರೆ ಅಂತ ಇನ್ನೊಂದು ಸುಳ್ಳು ಹೇಳಿದ್ರೆ ಏನ್ ಹೋಗ್ತಿತ್ತು?"

ಸರಿಯೇ. ಸೋಮವಾರ ಬೆಳಿಗ್ಗೆ ತಮ್ಮನಿಗೆ ಫೋನು ಮಾಡಿ ಅದನ್ನೇ ಹೇಳಿದೆ: ಅಣ್ಣ ಮನಸ್ಸು ಬದಲಿಸಿದ್ದಾರೆ, ನಿಮ್ಮನ್ನು ನೋಡಬೇಕಂತೆ. ಹಾಗಾದರೆ ಬರೆದು ಕೊಡಲಿ, ಅವನ ಕೈಬರಹ ನನಗೆ ಗೊತ್ತು, ಒಂದು ಸಾಲು ಸಾಕು ಎಂದ. ಅವನು ಕೇಳಿದ್ದು ನ್ಯಾಯ. ಬೇಡ ಎಂದದ್ದು ಬರಹದಲ್ಲಿ ಇತ್ತು, ಬಾ ಎನ್ನುವುದೂ ಬರಹದಲ್ಲೇ ಬೇಕು. ಆ ಹಾಳೆಯನ್ನು ನಾನು ಒಯ್ಯದೆ ಇದ್ದಿದ್ದರೆ ನನ್ನ ಬಾಯಿಮಾತೇ ಸಾಕಾಗುತ್ತಿತ್ತು.

ಆ ಒಂದು ಸಾಲಿಗಾಗಿ ಮಧ್ಯಾಹ್ನ ಆರೈಕೆ ಕೇಂದ್ರಕ್ಕೆ ಹೋದೆ. ಹಿರಿಯರ ಮುಂದೆ ಹಾಳೆ ಇಟ್ಟು, ಮಂಚದ ಪಕ್ಕ ನಿಂತು, ನನಗೆ ರಷ್ಯನ್ ಓದಲು ಯಾವತ್ತೂ ಬರುತ್ತಿರಲಿಲ್ಲ, ಇದನ್ನು ನಿಮ್ಮ ತಮ್ಮನಿಗೆ ಕೊಟ್ಟುಬಿಟ್ಟೆ ಎಂದೆ. ಅವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅವರ ಬಾಯಿ ತೆರೆಯಿತು. ಏನೋ ಹೇಳಿದರು, ಸದ್ದಿಲ್ಲದೆ, ತುಂಬ ಹೊತ್ತು. ಕುತ್ತಿಗೆಯ ತೂತಿನಲ್ಲಿ ಗಾಳಿ ಮಾತ್ರ ಸುಯ್ಯಿತು. ಬೈಗುಳ ಎಂದು ತುಟಿಯಿಂದ ಗೊತ್ತಾಯಿತು, ನನಗೆ ಅವರು ಮೊದಲು ಕಲಿಸಿದ್ದು ಅದೇ ತಾನೇ. ಒಂದು ಸಾಲು ಬರೆದುಕೊಡಿ, ಬರುತ್ತಾನಂತೆ, ನಾನೇ ಒಯ್ಯುತ್ತೇನೆ ಎಂದು ಬೇಡಿಕೊಂಡೆ. ಅವರು ಗೋಡೆಯ ಕಡೆ ಹೊರಳಿ ಮಲಗಿದರು.

ಮುಂದಿನ ಎರಡು ಭೇಟಿಯಲ್ಲೂ ಗೋಡೆಯೇ. ಮೂರನೆಯ ಸಲ ಹೋದಾಗ ಎದ್ದು ಕೂತಿದ್ದರು. ಪ್ಯಾಡಿನ ಮೇಲೆ ಒಂದೇ ಒಂದು ಅಕ್ಷರ, ಇಡೀ ಹಾಳೆ ತುಂಬುವಷ್ಟು ದೊಡ್ಡದಾಗಿ ಬರೆದು ನನ್ನ ಮುಖಕ್ಕೆ ಹಿಡಿದರು. ಅವರ ಮೊದಲ ಅಕ್ಷರ, ನಮ್ಮ ಅಕಾರವೇ. ನಾನು ಹೇಳಿದೆ. ಅವರು ಹಾಳೆ ಹರಿದು ಕೊಟ್ಟರು, ಹೋಗು ಎಂದು ಕೈ ಬೀಸಿದರು. ಮುಂದಿನ ಸಲ ಎರಡನೆಯದು. ಮನೆಯಲ್ಲಿ ತಿದ್ದಿಕೊಂಡು ಬಂದದ್ದನ್ನು ತೋರಿಸಿದರೆ ಮಾತ್ರ ಹೊಸದು. ತಪ್ಪಿದ್ದರೆ ಪೆನ್ನಿನಿಂದ ನನ್ನ ಗೆಣ್ಣಿಗೆ ಒಂದು ಏಟು. ಐವತ್ತು ವರ್ಷದವನು ಅಡುಗೆ ಕಟ್ಟೆಯ ಮೇಲೆ ಅಕ್ಷರ ತಿದ್ದುವುದನ್ನು ನೋಡಿ ಮಗಳು, ಡ್ಯಾಡ್, ಫೋನಿನಲ್ಲಿ ಒಂದೇ ವಾರದಲ್ಲಿ ಕಲಿಯಬಹುದು ಎಂದು ಇಂಗ್ಲಿಷಿನಲ್ಲಿ ಹೇಳಿ ಹೋದಳು.

ಪ್ರತಿ ಸಲ ಹೊರಡುವ ಮುಂಚೆ ತಮ್ಮನಿಗೆ ಒಂದು ಸಾಲು ಎಂದು ಕೇಳುತ್ತಿದ್ದೆ. ಪ್ರತಿ ಸಲ ಅವರು ಪೆನ್ನಿನ ಮುಚ್ಚಳ ಹಾಕುತ್ತಿದ್ದರು. ಒಂದು ದಿನ ಮಾತ್ರ ಮುಚ್ಚಳ ಹಾಕದೆ ಪೆನ್ನನ್ನು ಹಾಳೆಯ ಮೇಲೆ ಇಟ್ಟು ಬಹಳ ಹೊತ್ತು ಕೂತರು. ಹಾಳೆಯಲ್ಲಿ ಶಾಯಿಯ ಒಂದು ಚುಕ್ಕೆ ಹರಡಿಕೊಂಡಿತು. ಅಷ್ಟರಲ್ಲಿ ಕೊಳವೆ ತೊಳೆಯುವವಳು ಬಂದಳು, ಪೆನ್ನು ಕೆಳಗಿಟ್ಟರು. ವಾರಕ್ಕೊಮ್ಮೆ ತಮ್ಮನ ಫೋನು ಬರುತ್ತಿತ್ತು. ಬರೆದನಾ ಎನ್ನುತ್ತಿದ್ದ. ಇನ್ನೂ ಇಲ್ಲ ಎನ್ನುತ್ತಿದ್ದೆ. ಜ್ವರ ಇದೆಯಾ, ತೂಕ ಎಷ್ಟಿದೆ ಎಂದು ಕೇಳಿ ಇಡುತ್ತಿದ್ದ. ಇವನು ಕೇಳಿದ್ದನ್ನು ಅವರಿಗೆ ಹೇಳಿದರೆ ಗಮನವಿಟ್ಟು ಕೇಳುತ್ತಿದ್ದರು, ಉತ್ತರ ಕೊಡುತ್ತಿರಲಿಲ್ಲ. ಕೆಟ್ಟುನಿಂತ ಲಾರಿಯನ್ನು ನಡು ಕಾಡಿನಲ್ಲಿ ಬಿಚ್ಚಿ ಜೋಡಿಸಿದವನು ನಾನು. ಇಲ್ಲಿ ಯಾವ ಬೋಲ್ಟು ತಿರುಗಿಸಬೇಕೋ ನನಗೆ ಗೊತ್ತಾಗಲಿಲ್ಲ.

ಮಾರ್ಚಿನ ಎರಡನೆಯ ವಾರ ಅವರಿಗೆ ನ್ಯುಮೋನಿಯಾ ಆಯಿತು. ಮಂಗಳವಾರ ಮಧ್ಯಾಹ್ನ ನಾನು ಹೋಗುವ ಹೊತ್ತಿಗೆ ಮಂಚಕ್ಕೆ ಹೊಸ ಹಾಸಿಗೆ ಬಟ್ಟೆ ಹಾಕಿದ್ದರು. ಪ್ಯಾಡನ್ನು ತಿರುವಿ ನೋಡಿದೆ. ತಮ್ಮನಿಗೆ ಏನೂ ಇರಲಿಲ್ಲ, ನನಗೆ ಮುಂದಿನ ಅಕ್ಷರವೂ ಇರಲಿಲ್ಲ. ತಮ್ಮನಿಗೆ ನಾನೇ ಫೋನು ಮಾಡಿದೆ.

ಮಣ್ಣಿಗೆ ಅವನು ಬಂದ. ಎಪ್ಪತ್ತೆಂಟು ವರ್ಷದವನು ಒಬ್ಬನೇ ಐದು ಗಂಟೆ ಕಾರು ಓಡಿಸಿಕೊಂಡು ಬಂದಿದ್ದ. ಒಂದು ಹಿಡಿ ಮಣ್ಣು ಹಾಕಿ, ಕೈ ಒರೆಸಿಕೊಳ್ಳದೆ ನನ್ನ ಹತ್ತಿರ ಬಂದು, ಆ ಹಾಳೆ ಇನ್ನೂ ಇದೆಯಾ ಎಂದು ಕೇಳಿದ. ಕಾರಿನಲ್ಲಿತ್ತು, ತಂದುಕೊಟ್ಟೆ. ಅವನು ಓದಲಿಲ್ಲ, ಕೋಟಿನ ಒಳಜೇಬಿಗೆ ಇಟ್ಟುಕೊಂಡ. ಕ್ಷಮಿಸಿ ಎಂದು ಹೇಳಲು ಬಾಯಿ ತೆರೆದೆ. ಎಷ್ಟೋ ವರ್ಷದಿಂದ ಆಡಿದ ಭಾಷೆ, ಆ ಶಬ್ದ ಗೊತ್ತಿತ್ತು, ಬಾಯಿಗೆ ಬರಲಿಲ್ಲ. ಅವನು ನನ್ನ ತೋಳು ತ‌ಟ್ಟಿ ಕಾರಿನ ಕಡೆ ನಡೆದ. ದಾರಿಯಲ್ಲಿ ಊಟಕ್ಕೆ ನಿಲ್ಲಿ, ಕತ್ತಲೆಗೆ ಮುಂಚೆ ಮನೆ ಸೇರಿ ಎಂದಷ್ಟೇ ಹಿಂದಿನಿಂದ ಕೂಗಿದೆ.

ರಷ್ಯನ್ನಿನಲ್ಲಿ ಮೂವತ್ತಮೂರು ಅಕ್ಷರ. ಈಗ ನನ್ನ ಹತ್ತಿರ ಇರುವುದು ಅವುಗಳಲ್ಲಿ ಹತ್ತೊಂಬತ್ತು, ಅವರು ಬರೆದುಕೊಟ್ಟ ಹಾಳೆ ಹತ್ತೊಂಬತ್ತು, ಶಾಯಿಯ ಚುಕ್ಕೆ ಇರುವ ಖಾಲಿ ಹಾಳೆ ಒಂದು, ಮಿಷಿಗನ್‌ನ ಫೋನು ನಂಬರು ಒಂದು.